ಯಮನೂರಿ ಮಡ್ಡಿಗೆ ಮಣ್ಣು ಹೊತ್ತದ್ದು

ಫೆಬ್ರವರಿ ಹತ್ತೊಂಬತ್ತು, ಸೋಮವಾರ. ಬೆಳಗಿನಿಂದಲೇ ಒಣ ಬಿಸಿಲು. ಮೋಡವಿಲ್ಲ, ಗಾಳಿಯೂ ಇಲ್ಲ.

ಅವತ್ತು ಮಣಕಟ್ಟಿಗೆ ಮಣ್ಣು ನೋಡುವವರು ಬಂದರು.

ಮಣಕಟ್ಟಿ ಎರೆಸೀಮೆಯ ಊರು. ಕಣ್ಣು ಹಾಯುವವರೆಗೂ ಕರಿಯ ನೆಲ. ಮಳೆ ಬಿದ್ದರೆ ಉಬ್ಬುತ್ತದೆ, ಬಿಸಿಲು ಬಿದ್ದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಆ ಬಿರುಕಿಗೆ ಕೈ ಹಾಕಿದರೆ ಮೊಣಕೈವರೆಗೆ ಮುಳುಗುತ್ತದೆ. ಸೀಳು ಬಿಡದ ಗೋಡೆ ಆ ಊರಲ್ಲಿಲ್ಲ. ವರ್ಷ ವರ್ಷ ಮೆತ್ತುತ್ತಾರೆ, ವರ್ಷ ವರ್ಷ ಸೀಳುತ್ತದೆ. ಊರ ಅಂಚಿಗೆ ಸಂಕವ್ವನ ಮನೆ, ಮನೆಯ ಹಿಂದೆ ಎಂಟು ಗುಂಟೆ ಹಿತ್ತಲು. ಗಂಡ ತೀರಿಕೊಂಡ ಮೇಲೆ ಅವಳ ಪಾಲಿಗೆ ಉಳಿದದ್ದು ಎರಡು: ಒಂದು ಆ ಹಿತ್ತಲು, ಇನ್ನೊಂದು ಯಮನೂರಿ.

ಯಮನೂರಿ ಅವಳ ಮಗ. ವಯಸ್ಸು ಇಪ್ಪತ್ತಾರು, ಮೈಯೆಲ್ಲ ಎತ್ತಿನದು. ಯಾರು ಏನು ಹೇಳಿದರೂ ಇಲ್ಲ ಅನ್ನುವವನಲ್ಲ. ತೊಂದರೆ ಇದ್ದದ್ದೇ ಅಲ್ಲಿ. "ಒಲಿ ಮ್ಯಾಲಿನ ಹಾಲು ನೋಡಕೊಂತಿರು" ಎಂದು ಸಂಕವ್ವ ನೀರಿಗೆ ಹೋದರೆ, ಅವನು ಹಾಲನ್ನು ನೋಡಿದ. ಉಕ್ಕಿದ್ದನ್ನು ನೋಡಿದ, ಚೆಲ್ಲಿದ್ದನ್ನು ನೋಡಿದ, ಒಲೆ ಆರಿದ್ದನ್ನೂ ನೋಡಿದ. ಕಣ್ಣು ಮಾತ್ರ ಮಿಟುಕಿಸಲಿಲ್ಲ.

"ನಾ ಸತ್ತ ಮ್ಯಾಲೆ ನಿನಗ ಯಾರೋ ದಿಕ್ಕು?" ಎಂದು ಅವಳು ಹಣೆ ಬಡಿದುಕೊಂಡಳು.

"ಸಾಯೂ ಮುಂದ ಹೇಳಬೇ," ಅಂದ ಯಮನೂರಿ. "ಊರಾಗ ಕೇಳಿಕೊಂಡು ಬರತೇನಿ."

ಇಂಥ ಮಗ. ಸಂಕವ್ವನ ಮನಸ್ಸಿನಲ್ಲಿ ಹಗಲೂ ಅದೇ, ಇರುಳೂ ಅದೇ.

ಅಷ್ಟರಲ್ಲಿ ಊರಿಗೊಂದು ಹೆರಿಗೆ ಆಸ್ಪತ್ರೆ ಬರುವ ಸುದ್ದಿ ಬಂತು. ಜಾಗ ಬೇಕಾಗಿತ್ತು. ಸಂಕವ್ವ ತಾನಾಗಿ ಹೋಗಿ ಪಂಚಾಯತಿಯವರ ಮುಂದೆ ನಿಂತಳು. ಹಿತ್ತಲು ಕೊಡತೇನಿ, ರೊಕ್ಕ ಬ್ಯಾಡ, ದವಾಖಾನಿ ಬಾಗಲದಾಗ ಕುಂಡರೂ ಕೆಲಸ ನನ್ನ ಮಗಗ ಕೊಡ್ರಿ, ಅಂದಳು. ಕುಳಿತುಕೊಳ್ಳುವ ಕೆಲಸ. ಕುಂಡರು ಎಂದರೆ ಯಮನೂರಿಯಷ್ಟು ಚೆನ್ನಾಗಿ ಕೂಡುವವರು ಆ ಸೀಮೆಯಲ್ಲೇ ಇರಲಿಲ್ಲ. ಪಂಚಾಯತಿಯವರು ಹೂಂ ಅಂದರು. ಅಂದವರು ಒಂದು ಮಾತು ಸೇರಿಸಿದರು.

"ಮೊದಲ ಮಣ್ಣು ನೋಡತಾರಂತಬೇ. ಮಣ್ಣು ಒಪ್ಪಿತಂದ್ರ ಇಲ್ಲಿ. ಇಲ್ಲಾಂದ್ರ ಕೆಂಚನಹಾಳಕ್ಕ."

ಕೆಂಚನಹಾಳ ಹಳ್ಳದಾಚೆಯ ಊರು. ಅಲ್ಲಿ ಕೆಂಪು ನೆಲ. ಸಂಕವ್ವನ ಎದೆಯಲ್ಲಿ ಅವತ್ತೇ ಒಂದು ಮುಳ್ಳು ಮುರಿಯಿತು.

ಮಣ್ಣು ನೋಡುವವರ ಮೇಸ್ತ್ರಿ ಮೌಲಾಸಾಬ. ನಡುವಯಸ್ಸಿನವನು, ಬಾಯಿ ಜೋರು, ಕೈ ಮೆತ್ತಗೆ. ಅವನ ಮೇಲೆ ಎಂಜಿನಿಯರ್ ಹೂಗಾರ. ಅವರು ನಡುನಡುವೆ ಜೀಪಿನಲ್ಲಿ ಬಂದು ನೋಡಿ ಹೋಗುವವರು. ಸಂಕವ್ವ ಆಳುಗಳಿಗೆ ರೊಟ್ಟಿ ಬಡಿದು ಹಾಕಲು ಒಪ್ಪಿಕೊಂಡಳು, ಮಗನನ್ನೂ ಕೆಲಸಕ್ಕೆ ಹಚ್ಚಿದಳು.

"ಹೇಳಿದ್ದು ಹೇಳಿದಂಗ ಮಾಡತಾನ, ಮೇಸ್ತ್ರಿ."

"ಅಷ್ಟ ಸಾಕಕ್ಕ," ಅಂದ ಮೌಲಾಸಾಬ. "ನಮ್ಮ ಕೆಲಸದಾಗ ಹೆಚ್ಚಿನ ಶಾಣ್ಯಾತನ ಬೇಕಾಗಿಲ್ಲ."

ಪಾಪ, ಅವನಿಗೇನು ಗೊತ್ತು!

ಅವರ ಕೆಲಸ ಹೀಗೆ. ಮೂರು ಕಾಲಿನ ಕಂಬ ನಿಲ್ಲಿಸಿ, ಹಗ್ಗದಿಂದ ಕಬ್ಬಿಣದ ಗುಂಡು ಎತ್ತಿ, ನೆಲಕ್ಕೆ ನೆಟ್ಟ ಪೈಪಿನ ತಲೆಯ ಮೇಲೆ ಬಿಡುವುದು. ಪೈಪು ಒಂದು ಅಡಿ ಇಳಿಯಲು ಎಷ್ಟು ಪೆಟ್ಟು ಬಿದ್ದವು ಎಂದು ಎಣಿಸುವುದು. ಕಡಿಮೆ ಪೆಟ್ಟಿಗೆ ಇಳಿದರೆ ನೆಲ ಮೆತ್ತಗೆ, ಹೆಚ್ಚು ಬೇಕಾದರೆ ಗಟ್ಟಿ. ಅಡಿ ಅಡಿಗೂ ಎಣಿಕೆ, ಅಡಿ ಅಡಿಗೂ ಚೀಲಕ್ಕೆ ಮಣ್ಣು.

"ಲೇ ತಮ್ಮಾ," ಅಂದ ಮೌಲಾಸಾಬ, "ನೀ ಪೆಟ್ಟು ಎಣಿಸು. ಒಂದ ಪೆಟ್ಟೂ ಬಿಡಬ್ಯಾಡ."

"ಬಿಡಂಗಿಲ್ರಿ," ಅಂದ ಯಮನೂರಿ.

ಗುಂಡು ಬಿತ್ತು, ಎಣಿಸಿದ. ಬಾಜೂ ಮನೆಯ ಅಂಗಳದಲ್ಲಿ ಬಸಲಿಂಗವ್ವ ಒರಳಿಗೆ ಮೆಣಸಿನಕಾಯಿ ಹಾಕಿ ಒನಕೆ ಎತ್ತಿದ್ದಳು. ಒನಕೆ ಬಿತ್ತು, ಅದನ್ನೂ ಎಣಿಸಿದ. ಗುಂಡು ಬಿತ್ತು, ಎಣಿಸಿದ. ಒನಕೆ ಬಿತ್ತು, ಎಣಿಸಿದ. ಕುಲುಮೆಯಲ್ಲಿ ಕಮ್ಮಾರ ಕುಡಗೋಲು ಬಡಿಯಲು ಕುಳಿತ. ಬಿಡಲಿಲ್ಲ, ಅದನ್ನೂ ಎಣಿಸಿದ. ಬೆವರು ಸುರಿಯಿತು, ಎಣಿಸಿದ.

ಮಧ್ಯಾಹ್ನ ಹೂಗಾರರು ಬಂದು ಕೇಳಿದರು. "ಮೊದಲನೇ ಅಡಿಗೆ ಎಷ್ಟು?"

"ಮುನ್ನೂರಾ ಹನ್ನೊಂದ್ರಿ."

ಹೂಗಾರರು ಕೆಳಗೆ ಕೂತರು. "ಮೌಲಾಸಾಬ, ಒಂದು ಅಡಿಗೆ ಮುನ್ನೂರೇನೋ? ಕಬ್ಬಿಣದ ಗಣಿ ಸಿಕ್ಕೇತೇನು?"

"ಗಣಿ ಅಲ್ರಿ, ಬಸಲಿಂಗವ್ವಕ್ಕನ ಖಾರದ ಪುಡಿ," ಅಂದ ಯಮನೂರಿ. "ಮ್ಯಾಲ ಕಮ್ಮಾರಂದು ಐವತ್ತ."

ಮೌಲಾಸಾಬ ಬಾಯಿಗೆ ಬಂದಂತೆ ಬೈದ. ಸಂಜೆ ಸಂಕವ್ವನೂ ಬೈದಳು. "ಮಂದಿ ಸಪ್ಪಳ ನಮಗ್ಯಾಕೋ, ಖೋಡಿ! ಇನ್ನ ಮ್ಯಾಲೆ ನಿನ್ನ ಕೆಲಸ ನೀ ಮಾಡು. ಯಾರ ಸಪ್ಪಳಾನೂ ಕಿವ್ಯಾಗ ಹಾಕ್ಕೋಬ್ಯಾಡ!"

"ಹೂಂನಬೇ," ಅಂದ ಯಮನೂರಿ.

ಮರುದಿನ ಇನ್ನೊಂದು ಕುಣಿ ತೋಡತೊಡಗಿದರು. ಕೊರೆಯುವಾಗ ಸ್ವಲ್ಪ ಸ್ವಲ್ಪ ನೀರು ಬಿಡಬೇಕಿತ್ತು. ಮೌಲಾಸಾಬ ಯಮನೂರಿಯ ಕೈಗೆ ಕೊಡ ಕೊಟ್ಟ. "ನೀರು ಹಾಕು."

ಯಮನೂರಿ ನೀರು ಹಾಕಿದ.

"ಸಾಕು!" ಅಂದ ಮೌಲಾಸಾಬ.

ಯಮನೂರಿ ನೀರು ಹಾಕಿದ.

"ಸಾಕಲೇ! ನಿಲ್ಲಸು!"

ಯಮನೂರಿ ಇನ್ನೊಂದು ಕೊಡ ತಂದ.

"ಏ ಹುಡುಗಾ! ಯಾರರ ಹಿಡೀರಲೇ ಅವನ್ನ!"

ಹಿಡಿಯುವಷ್ಟರಲ್ಲಿ ಎರೆಮಣ್ಣು ನೀರು ಕುಡಿದು ಉಬ್ಬಿ, ಕುಣಿಯ ಬಾಯಿ ತಾನೇ ಮುಚ್ಚಿಕೊಂಡಿತು. ಇಡೀ ಮುಂಜಾನೆಯ ಕೆಲಸ ಮಣ್ಣು ನುಂಗಿತು.

"ನಾ ಒದರಿದ್ದು ಕೇಳಲಿಲ್ಲೇನಲೇ ನಿನಗ?"

"ಕೇಳಿತ್ರಿ. ಮಂದಿ ಸಪ್ಪಳ ಕಿವ್ಯಾಗ ಹಾಕ್ಕೋಬ್ಯಾಡ ಅಂದಾಳ್ರಿ ನಮ್ಮವ್ವ."

ಮೌಲಾಸಾಬ ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ನೆಲಕ್ಕೆ ಹೊಡೆದ. ಸಂಜೆ ಸಂಕವ್ವ ಬೈದಳು. "ಮಣ್ಣಿಗೆ ನೀರು ತೋರಸತಾರೇನೋ! ಇನ್ನ ಮ್ಯಾಲೆ ಒಂದು ಹನಿ ಸೋಕಸಬ್ಯಾಡ. ಒಣಾ ಇಡಬೇಕು ತಿಳೀತಿಲ್ಲೋ? ಒಣಾ!"

"ಒಣಾ ಇಡತೇನಬೇ."

ಆಮೇಲಿನ ದಿನ ಮೌಲಾಸಾಬ ನೆಲದಾಳದಿಂದ ಕಬ್ಬಿಣದ ಕೊಳವೆಗಳಲ್ಲಿ ಮಣ್ಣು ತೆಗೆಸಿದ. ನೆಲದೊಳಗೆ ಹೇಗಿತ್ತೋ ಹಾಗೇ, ಅದೇ ತಂಪು, ಅದೇ ಒತ್ತು. ಎರಡೂ ಬಾಯಿಗೆ ಮೇಣ ಹಚ್ಚಿ ಮುಚ್ಚಿದ. ಊರಿಂದಾಚೆ ಸಾಗಿಸಿ ಯಂತ್ರದಲ್ಲಿ ಇಟ್ಟು ಒತ್ತಿ ನೋಡುವ ಮಣ್ಣು ಅದು.

"ಇವನ್ನ ನಿಮ್ಮ ಮನ್ಯಾಗ ಜ್ವಾಕಿಲೆ ಇಡು," ಅಂದ.

ಯಮನೂರಿ ಜ್ವಾಕಿಯಿಂದ ಒಯ್ದ. ಜ್ವಾಕಿಯಿಂದ ಮೇಣ ಕಿತ್ತ. ಜ್ವಾಕಿಯಿಂದ ಮಣ್ಣನ್ನು ಕೊಳವೆಯಿಂದ ದಬ್ಬಿ, ಮಾಳಿಗೆಯ ಮೇಲೆ ಅವ್ವನ ಹಳೆಯ ಸೀರೆ ಹಾಸಿ, ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಬಿಸಿಲಿಗೆ ಇಟ್ಟ. ಕಾಗೆ ಬಾರದಂತೆ ಕೋಲು ಹಿಡಿದು ಕಾದ. ಸಂಜೆಯ ಹೊತ್ತಿಗೆ ಅದು ಬಿರಿದು ಚೂರು ಚೂರಾಗಿತ್ತು.

"ಹಪ್ಪಳ ಒಣಗಿಸಿದಂಗ ಒಣಗಿಸೇನ್ರಿ," ಅಂದ. "ಒಂದು ಹನಿ ನೀರಿಲ್ಲ."

ಮೌಲಾಸಾಬನಿಗೆ ಬೈಯಲೂ ಆಗಲಿಲ್ಲ. ಮಾಳಿಗೆಯ ಅಂಚಿಗೆ ಕೂತು ಚೂರೊಂದನ್ನು ಕೈಯಲ್ಲಿ ಹಿಡಿದು ಹೇಳಿದ. "ತಮ್ಮಾ, ಇದು ಬಾಣಂತಿ ಕೂಸಿದ್ದಂಗೋ. ಹಸಿ ಅರಿವಿ ಸುತ್ತಬೇಕು, ನೆರಳಾಗ ಇಡಬೇಕು, ಅಲುಗಾಡಿಸಬಾರದು."

ಸಂಕವ್ವ ಕೆಳಗಿನಿಂದಲೇ ಕೂಗಿದಳು. "ಕೇಳಿದಿಲ್ಲೋ? ಇನ್ನ ಮ್ಯಾಲೆ ಏನ ಕೊಟ್ರೂ ಹಸಿ ಅರಿವಿ, ನೆರಳು!"

"ಹಸಿ ಅರಿವಿ, ನೆರಳು," ಅಂದ ಯಮನೂರಿ.

ಮರುದಿನ ಜೀಪಿನಲ್ಲಿ ಎರಡು ಚೀಲ ಸಿಮೆಂಟು ಬಂತು, ಹಿತ್ತಲಿನ ಮೂಲೆಗೆ ಗುರುತಿನ ಕಲ್ಲು ಹುಗಿಯಲು. "ಇವನ್ನ ತಗದು ಇಡೋ," ಅಂದರು ಯಾರೋ. ಅಂದವರಿಗೂ ನೆನಪಿಲ್ಲ ಅಂದದ್ದು. ಯಮನೂರಿಗೆ ಮಾತ್ರ ನೆನಪಿತ್ತು. ಗೋಣಿತಟ್ಟು ನೀರಲ್ಲಿ ಅದ್ದಿ ಅದ್ದಿ ಸುತ್ತಿದ. ಬೇವಿನ ಮರದ ನೆರಳಿಗೆ ಮಲಗಿಸಿದ. ಒಣಗಿತೆಂದು ಮತ್ತೆ ಅದ್ದಿದ. ಕೂಸಿನ ಪಕ್ಕಕ್ಕೆ ಕೂತಂತೆ ಕೂತು, ನೊಣ ಓಡಿಸಿದ.

ಮೂರನೆಯ ದಿನ ಮೌಲಾಸಾಬ ಚೀಲ ಬಿಚ್ಚಿದ. ಒಳಗೆ ಬಂಡೆ. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿದ, ಟಣ್ ಅಂತು.

"ಎರೆಸೀಮೆಯಾಗ ಬಂಡಿ ಸಿಕ್ತಪ್ಪೋ!" ಎಂದು ಆಳುಗಳು ನಕ್ಕರು. "ಮೇಸ್ತ್ರಿ, ಇದರ ಮ್ಯಾಲೆ ಗುಂಡು ಬಿಡೋಣೇನ್ರಿ? ಯಮನೂರಿ, ಎಣಸಪಾ!"

ಸಂಕವ್ವ ನಗಲಿಲ್ಲ. ಎಲ್ಲರ ಮುಂದೆ ಮಗನ ಬೆನ್ನಿಗೆ ಎರಡು ಗುದ್ದಿದಳು. ಎತ್ತಿನ ಮೈ ಅವನದು, ಪೆಟ್ಟು ಅವಳ ಕೈಗೇ ಹತ್ತಿತು. "ತಲಿ ಓಡಸಬ್ಯಾಡೋ ನೀ! ಓಡಸಬ್ಯಾಡ! ಯಾರು ಏನ ಹೇಳತಾರೋ ಅಷ್ಟ ಮಾಡು. ಹೆಚ್ಚು ಬ್ಯಾಡ, ಕಡಿಮಿ ಬ್ಯಾಡ!"

"ಹೆಚ್ಚೂ ಇಲ್ಲ ಕಡಿಮೀನೂ ಇಲ್ಲಬೇ," ಅಂದ ಯಮನೂರಿ, ಬೆನ್ನು ಸವರಿಕೊಳ್ಳದೆ.

ಇಷ್ಟರಲ್ಲಿ ಕೆಲಸ ಮುಗಿಯುತ್ತ ಬಂತು. ಕೊಳವೆಯ ಮಣ್ಣು ಹಾಳಾಗಿತ್ತು, ಹೊಸ ಕೊಳವೆಗಳು ಬಂದಿರಲಿಲ್ಲ. ಉಳಿದದ್ದು ಆಳ ಆಳದಿಂದ ತೆಗೆದು ಕಟ್ಟಿಟ್ಟ ಚೀಲದ ಮಣ್ಣು. ಆ ಚೀಲಗಳು ಸಂಕವ್ವನ ಕೊಟ್ಟಿಗೆಯಲ್ಲಿದ್ದವು. ಊಟಕ್ಕೆ ಕುಳಿತಾಗ ಅವಳು ರೊಟ್ಟಿ ಹಾಕುತ್ತ, ಕೇಳಬಾರದೆಂದುಕೊಂಡೇ ಕೇಳಿದಳು.

"ಮೇಸ್ತ್ರಿ, ನಮ್ಮ ಮಣ್ಣು ಪಾಸಾಗತೈತೇನ್ರಿ?"

ಮೌಲಾಸಾಬ ರೊಟ್ಟಿ ಮುರಿದ. "ಸಾಹೇಬ್ರು ನೋಡತಾರಕ್ಕ. ಎರಿ ಭೂಮಿ ನೋಡು. ಹತ್ತು ಅಡಿ ಹೋದ್ರೂ ಕರೀದ. ಗರಸು ಇದ್ದಿದ್ರ ಚಿಂತಿ ಇರಲಿಲ್ಲ. ಕೆಂಚನಹಾಳದಾಗ ಮೂರು ಅಡಿಗೆ ಗರಸು ಐತಂತ."

ಅಷ್ಟು ಹೇಳಿ ಅವನು ಪಲ್ಯ ಕೇಳಿದ. ಸಂಕವ್ವ ಪಲ್ಯ ಹಾಕಿದಳು. ಎಷ್ಟು ಹಾಕಿದಳೆಂದರೆ ಅವನು ಎರಡೂ ಕೈ ಅಡ್ಡ ಹಿಡಿಯಬೇಕಾಯಿತು.

ಗರಸು. ಊರಾಚೆ ಒಂದು ಮಡ್ಡಿ ಇತ್ತು. ಉಳುಮೆಗೆ ಬಾರದ ದಿಬ್ಬ, ಕುರಿ ಮೇಯಿಸುವ ಜಾಗ. ಅದರ ತುಂಬ ಗರಸೇ. ಕೆಂಪು, ಕಲ್ಲುಕಲ್ಲಾದ, ಗಟ್ಟಿ ಮಣ್ಣು. ಸಂಕವ್ವ ಹೊಸ್ತಿಲಲ್ಲಿ ಕೂತು ಆ ಮಡ್ಡಿಯನ್ನು ನೋಡಿದಳು. ಮದುವೆಯಾಗಿ ಬಂದಾಗಿನಿಂದ ನೋಡಿದ ಮಡ್ಡಿ. ಅವತ್ತು ಬೇರೆ ಥರ ಕಂಡಿತು.

ಹೊತ್ತು ಇಳಿಯುವ ಮುಂಚೆ ಮಗನನ್ನು ಕರೆದಳು. ಈ ಮಗನಿಗೆ ಅವಳು ಸಾವಿರ ಮಾತು ಹೇಳಿದ್ದಳು, ಒಂದೂ ಮೋಸದ ಮಾತಾಗಿರಲಿಲ್ಲ.

"ಯಮನೂರಿ, ಮಡ್ಡಿಗೆ ಹೋಗು. ಗರಸು ಅಗಿ. ಈ ಚೀಲದಾಗಿನ ಕರಿಮಣ್ಣು ತಗದು ಹಾಕು, ಗರಸು ತುಂಬು. ಹೆಂಗ ಕಟ್ಟ್ಯಾರೋ ಹಂಗ ಕಟ್ಟು. ಯಾರಿಗೂ ಹೇಳಬ್ಯಾಡ."

"ಹೂಂನಬೇ."

ಚೀಲ ಹೊತ್ತು ಹೋದ. ಅಗೆದ. ತುಂಬಿದ. ಕಟ್ಟಿದ. ತಂದಿಟ್ಟ. ಒಂದು ಗಂಟು ತಪ್ಪಲಿಲ್ಲ, ಒಂದು ಹಿಡಿ ಚೆಲ್ಲಲಿಲ್ಲ. ಸಂಕವ್ವ ಚೀಲದ ಮೇಲೆ ಚೀಲ ಮುಟ್ಟಿ ನೋಡಿದಳು. ಬೈಯಲು ಏನೂ ಸಿಗಲಿಲ್ಲ.

"ಶಾಣ್ಯಾ ನನ್ನ ಮಗಾ," ಅಂದಳು.

ಹುಟ್ಟಿದಾಗಿನಿಂದ ಯಮನೂರಿ ಆ ಮಾತು ಕೇಳಿರಲಿಲ್ಲ. ರೊಟ್ಟಿ ಕೈಯಲ್ಲಿ ಹಿಡಿದು ಅವ್ವನ ಮುಖ ನೋಡುತ್ತ ಕೂತ. ಅವಳು ಮುಖ ಆಚೆ ತಿರುಗಿಸಿದಳು.

ಹೂಗಾರರು ಬಂದರು. ಒಂದು ಗಾಜಿನ ಭರಣಿಯಲ್ಲಿ ಚೀಲದ ಮಣ್ಣು ಹಿಡಿಯಷ್ಟು ಹಾಕಿ, ನೀರು ತುಂಬಿ, ಸಂಕವ್ವನ ಮನೆಯ ಮಾಡದಲ್ಲಿ ಇಟ್ಟು ಹೋದರು. ಎರೆಮಣ್ಣಾದರೆ ಮರುದಿನದ ಹೊತ್ತಿಗೆ ಹುದುಗು ಬಂದ ಹಿಟ್ಟಿನಂತೆ ಉಬ್ಬಿ ಮೇಲೇರುತ್ತದೆ. ಎಷ್ಟು ಏರಿತು ಎಂದು ನೋಡಿ ಮುಂದಿನ ಲೆಕ್ಕ. ಇದು ಏರಲಿಲ್ಲ. ತಳದಲ್ಲಿ ಕೆಂಪಗೆ ಕೂತಿತ್ತು.

ಮರುದಿನ ಹೂಗಾರರು ಭರಣಿಯನ್ನು ಬೆಳಕಿಗೆ ಹಿಡಿದರು. "ಚಲೋ ಆತಲ್ಲ! ತಳಕ್ಕ ಗರಸೈತಿ. ಅಲ್ಲೋ ಮೌಲಾಸಾಬ, ಪೆಟ್ಟು ನೋಡಿದ್ರ ಕಡಿಮಿ ಬಿದ್ದಾವ. ಗರಸಿನಾಗ ಅಷ್ಟ ಬೀಳತಾವೇನು?"

ಮೌಲಾಸಾಬ ಭರಣಿ ನೋಡಿದ. ಬಾಯಿ ತೆರೆದ. ಆಗ ಅವನ ಕಣ್ಣು ಬಾಗಿಲಲ್ಲಿ ನಿಂತ ಸಂಕವ್ವನ ಮೇಲೆ ಬಿತ್ತು. ಅವಳ ಕೈಯಲ್ಲಿ ರೊಟ್ಟಿಯ ಬುಟ್ಟಿ ಇತ್ತು. ಅದನ್ನು ಎದೆಗೆ ಅವಚಿಕೊಂಡು ಅವನನ್ನೇ ನೋಡುತ್ತಿದ್ದಳು.

"ಆಮ್ಯಾಲಿನವೂ ಎಣಿಸಿದಾಂವ ಯಮನೂರಿನ ರೀ, ಸಾಹೇಬ್ರ," ಅಂದ ಮೌಲಾಸಾಬ, ನೆಲ ನೋಡಿಕೊಂಡು.

ಹೂಗಾರರು ನಕ್ಕರು. "ಹಂಗಾದ್ರ ಬಿಡು. ಮೂರು ಅಡಿ ಪಾಯಾ ಸಾಕು ಅಂತ ಬರೀತೇನಿ."

ಸಂಕವ್ವ ಉಸಿರು ಬಿಟ್ಟಳು. ದವಾಖಾನೆಯ ಬಾಗಿಲು ಅವಳ ಕಣ್ಣ ಮುಂದೆ ಬಂತು. ಬಾಗಿಲಲ್ಲಿ ಸ್ಟೂಲು, ಸ್ಟೂಲಿನ ಮೇಲೆ ಮಗ. ಅವನಿಗೆ ಖಾಕಿ ಅಂಗಿಯನ್ನೂ ಹಾಕಿಬಿಟ್ಟಳು.

ಹೊರಡುವ ಮುನ್ನ ಹೂಗಾರರು ಹಿತ್ತಲು ಸುತ್ತಿ ಬಂದರು. ಕುಣಿಗಳು ಬಾಯಿ ತೆರೆದು ಬಿದ್ದಿದ್ದವು. "ಏ ಯಮನೂರಿ, ಚೀಲದಾಗ ಉಳದ ಮಣ್ಣು ಎಲ್ಲಿಂದ ತಂದ್ಯೋ ಅಲ್ಲೇ ಹಾಕು. ಮ್ಯಾಲೆ ಬಡದು ಗಟ್ಟಿ ಮಾಡು. ದನದ ಕಾಲು ಸಿಗಬಾರದು ನೋಡು."

"ಹೂಂನ್ರಿ," ಅಂದ ಯಮನೂರಿ.

ಚೀಲಗಳನ್ನೆಲ್ಲ ಗೋಣಿಗೆ ಹಾಕಿ ಹೆಗಲಿಗೇರಿಸಿದ. ಒಂದು ಕುಣಿ ದಾಟಿದ. ಎರಡನೆಯದನ್ನೂ ದಾಟಿದ. ಹಿತ್ತಲಿನ ಬೇಲಿ ದಾಟಿದ.

"ಏ, ಕುಣಿ ಇಲ್ಲೈತಲೇ!" ಎಂದು ಆಳುಗಳು ಕೂಗಿದರು.

"ಇದು ಅಲ್ಲಿಂದಲ್ರಿ," ಅಂದ ಯಮನೂರಿ, ನಿಲ್ಲದೆ.

ಸಂಕವ್ವ ಬುಟ್ಟಿ ಬಿಟ್ಟು ಓಡಿದಳು. "ತಮ್ಮಾ! ಇಲ್ಲೇ ಹಾಕೋ! ನನ್ನಪ್ಪಾ, ಇಲ್ಲೇ ಹಾಕೋ!"

ಯಮನೂರಿ ತಿರುಗಿ ನಿಂತ. ಮುಖದಲ್ಲಿ ಗೊಂದಲವಿರಲಿಲ್ಲ. "ಸಾಹೇಬ್ರು ಎಲ್ಲಿಂದ ತಂದ್ಯೋ ಅಲ್ಲೇ ಅಂದಾರಬೇ. ಹೆಚ್ಚೂ ಬ್ಯಾಡ ಕಡಿಮೀನೂ ಬ್ಯಾಡ ಅಂತ ನೀನ ಹೇಳೀಯಲ್ಲ?"

ಬಾಯಿಗೆ ಸೆರಗು ಒತ್ತಿಕೊಂಡು ನಿಂತಳು. ಯಮನೂರಿ ನಡೆದ. ಹೂಗಾರರು ಅವನ ಹಿಂದೆ ನಡೆದರು. ಹೂಗಾರರ ಹಿಂದೆ ಮೌಲಾಸಾಬ, ಅವನ ಹಿಂದೆ ಆಳುಗಳು, ಆಳುಗಳ ಹಿಂದೆ, ಏನೋ ನೋಡುವುದಿದೆ ಎಂದು, ಅರ್ಧ ಊರು. ಎಲ್ಲರಿಗಿಂತ ಹಿಂದೆ ಸಂಕವ್ವ.

ಮಡ್ಡಿಯ ಮೇಲೆ ಒಂದು ಕಡೆ ನೆಲ ಕರ್ರಗಿತ್ತು. ಕೆಂಪು ದಿಬ್ಬದಲ್ಲಿ ಒಂದು ಕರಿಯ ತೇಪೆ. ಯಮನೂರಿ ಅಲ್ಲಿ ಗೋಣಿ ಇಳಿಸಿದ. ಕರಿಮಣ್ಣನ್ನು ಬಗೆದು ಬದಿಗೆ ಹಾಕಿ, ಗುಂಡಿಗೆ ಗರಸು ಸುರಿದ. ಸುರಿದು, ಕಾಲಿನಿಂದ ತುಳಿದು, ಕಲ್ಲಿನಿಂದ ಬಡಿದು ಗಟ್ಟಿ ಮಾಡಿದ. ಆಮೇಲೆ ಆ ಕರಿಮಣ್ಣನ್ನು ಚೀಲಗಳಿಗೆ ತುಂಬತೊಡಗಿದ.

"ಅದು ಎಲ್ಲಿದೋ?" ಅಂದರು ಹೂಗಾರರು, ಮೆಲ್ಲಗೆ.

"ಇದು ನಮ್ಮ ಹಿತ್ತಲದಾಗಿಂದ್ರಿ. ಇದನ್ನ ಅಲ್ಲಿ ಹಾಕತೇನ್ರಿ."

"ಯಾರು ಮಾಡಂದ್ರು ಹಿಂಗ?"

"ಹೇಳಂಗಿಲ್ರಿ," ಅಂದ ಯಮನೂರಿ. "ಯಾರಿಗೂ ಹೇಳಬ್ಯಾಡ ಅಂದಾಳ್ರಿ ನಮ್ಮವ್ವ."

ಯಾರೋ ಒಬ್ಬರು ನಕ್ಕರು. ಉಳಿದವರು ನಗಲಿಲ್ಲ. ಹೂಗಾರರು ಕೂತು, ಕರಿಮಣ್ಣನ್ನು ಚಿಟಿಕೆ ತೆಗೆದು ಅಂಗೈಯಲ್ಲಿ ತಿಕ್ಕಿದರು. ಸಂಕವ್ವ ಮುಂದೆ ಬಂದಳು.

"ಯಪ್ಪಾ, ತಪ್ಪು ನಂದು. ಆ ಹುಡುಗಗ ಏನೂ ತಿಳಿಯಂಗಿಲ್ಲ. ಮಣ್ಣು ನಪಾಸ ಮಾಡತೀರೇನೋ ಅಂತ ಹೆದರಿದೆ."

"ಯವ್ವಾ," ಅಂದರು ಹೂಗಾರರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ತಡೆಯಲಾಗಲಿಲ್ಲ. "ನಪಾಸ ಮಾಡಾಕ ಯಾರು ಬಂದಿದ್ರು? ಮಣ್ಣು ನೋಡೂದು ಕಟ್ಟಬೇಕೋ ಬ್ಯಾಡೋ ಅನ್ನಾಕಲ್ಲ, ಹೆಂಗ ಕಟ್ಟಬೇಕು ಅಂತ ತಿಳಿಯಾಕ. ಎರಿ ಭೂಮ್ಯಾಗ ಕಟ್ಟಂಗಿಲ್ಲೇನು? ಆಳಕ್ಕ ಕಂಬ ಇಳಸತೇವಿ, ತಳಕ್ಕ ಕೊಡದ ಹೊಟ್ಟಿಯಂಗ ಅಗಲ ಮಾಡತೇವಿ. ಮ್ಯಾಲಿನ ಮಣ್ಣು ಎಷ್ಟ ಉಬ್ಬಲಿ, ಎಷ್ಟ ಬಿರೀಲಿ, ಗ್ವಾಡಿ ಅಲುಗಂಗಿಲ್ಲ."

ಸಂಕವ್ವನಿಗೆ ಅರ್ಧ ತಿಳಿಯಿತು. ತಿಳಿದ ಅರ್ಧವೇ ಸಾಕಾಗಿತ್ತು.

"ನಿಮ್ಮ ಗರಸು ನಂಬಿ ಮೂರು ಅಡಿಗೆ ಕಟ್ಟಿದ್ರ," ಅಂದರು ಹೂಗಾರರು, ಅಂಗೈ ಕೊಡವಿಕೊಂಡು, "ಬಾಣಂತ್ಯಾರ ಮ್ಯಾಲೆ ಗ್ವಾಡಿ ಬರತಿತ್ತವ್ವಾ."

ಮೌಲಾಸಾಬ ದೂರ ಹೋಗಿ ಬೆನ್ನು ತಿರುಗಿಸಿ ನಿಂತಿದ್ದ. ಅವನಿಗೆ ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅವನು ಅಂದುಕೊಂಡಿರಬಹುದು.

ಸುದ್ದಿ ಪಂಚಾಯತಿಗೆ ಮುಟ್ಟಿತು. ಮಣ್ಣನ್ನೇ ಬದಲಿಸಿದ ಜಾಗದ ತಂಟೆ ಯಾರಿಗೆ ಬೇಕು ಎಂದರು ಒಬ್ಬರು. ಹೌದು ಹೌದು ಎಂದರು ಉಳಿದವರು. ಹೂಗಾರರು ಇನ್ನೊಮ್ಮೆ ಕುಣಿ ಹೊಡೆಸಿ ನೋಡೋಣವೆಂದು ಕೇಳಿದರು, ಯಾರೂ ಕಿವಿಗೊಡಲಿಲ್ಲ. ಆಸ್ಪತ್ರೆ ಕೆಂಚನಹಾಳಕ್ಕೆ ಹೋಯಿತು. ಬಾಗಿಲಲ್ಲಿ ಕೂಡುವ ಕೆಲಸ ಕೆಂಚನಹಾಳದವರಿಗೇ ಹೋಯಿತು. ಸಂಕವ್ವನ ಹಿತ್ತಲು ಅವಳ ಹಿತ್ತಲಾಗಿ ಉಳಿಯಿತು, ಮಗ ಮಗನಾಗಿ ಉಳಿದ.

ಪಂಚಾಯತಿಯ ತೀರ್ಮಾನ ಕಿವಿಗೆ ಬಿದ್ದ ದಿನ ಸಂಜೆ ಅವಳು ಮಗನನ್ನು ಎದುರಿಗೆ ಕೂರಿಸಿಕೊಂಡಳು. ಅವನು ಬೆನ್ನು ಬಾಗಿಸಿ ಕೊಟ್ಟ, ಗುದ್ದುತ್ತಾಳೆ ಎಂದು. ಅವಳು ಗುದ್ದಲಿಲ್ಲ.

"ನೀ ಏನೂ ತಪ್ಪು ಮಾಡಿಲ್ಲೋ," ಅಂದಳು. "ನಾ ಮಾಡಿದೆ. ಇದ್ದಲ್ಲಿ ಇದ್ದದ್ದನ್ನ ಕಿತ್ತು ತಂದೆ, ಕೆಟ್ಟೆ. ಇನ್ನ ಮ್ಯಾಲೆ ನೆನಪಿಡು ಯಮನೂರಿ. ಮತ್ತೊಬ್ಬರ ಕಡಿಂದ ಏನ ಬಂದ್ರೂ ನಮಗ ಬ್ಯಾಡ. ಎಲ್ಲಿಂದ ಬಂತೋ ಅಲ್ಲೇ ಇಟ್ಟು ಬಾ."

ಬೈಗುಳವಿಲ್ಲದ ಬುದ್ಧಿಮಾತು. ಅವಳು ಅಳುತ್ತ ಹೇಳಿದ್ದಕ್ಕೋ ಏನೋ, ಯಮನೂರಿ ಅದನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡ.

ಮರುದಿನ ಮಣ್ಣು ನೋಡುವವರು ಕಂಬ ಬಿಚ್ಚಿದರು, ಪೈಪು ಹೇರಿದರು. ಮೌಲಾಸಾಬ ಹೋಗುವಾಗ ಮನೆ ಮುಂದೆ ಒಂದು ಗಳಿಗೆ ನಿಂತ. "ನಾನ ಅವತ್ತ ಸರಿಯಾಗಿ ತಿಳಿಸಿ ಹೇಳಬೇಕಾಗಿತ್ತಕ್ಕ," ಅಂದ. "ಊಟದ ಗಡಿಬಿಡಿಯಾಗ ಅರ್ಧಾ ಹೇಳಿದೆ." ಸಂಕವ್ವ ದಾರಿಗೆಂದು ಕಟ್ಟಿದ ರೊಟ್ಟಿಯ ಗಂಟು ಕೊಟ್ಟಳು. ಅವನು ತಲೆ ತಗ್ಗಿಸಿ ತೆಗೆದುಕೊಂಡು ಹೋದ.

ಯಮನೂರಿ ಜೀಪಿನ ತನಕ ಸಾಮಾನು ಹೊತ್ತ. ಸಂಕವ್ವ ಹೊಸ್ತಿಲಲ್ಲಿ ಕೂತು ಕಾದಳು. ಜೋಳ ತಳ ಕಂಡಿತ್ತು. ಇಷ್ಟು ದಿನದ ಕೂಲಿ ಬಂದರೆ ಸುಗ್ಗಿಯವರೆಗೆ ಹೇಗೋ ನಡೆದೀತು. ದೂರದಲ್ಲಿ ಜೀಪಿನ ಸದ್ದಾಯಿತು, ಸಣ್ಣದಾಯಿತು, ಇಲ್ಲವಾಯಿತು. ಯಮನೂರಿ ಬಂದ. ಎರಡೂ ಕೈ ಬೀಸಿಕೊಂಡು ಬಂದ.

"ಹೋದ್ರೇನೋ?"

"ಹೋದ್ರಬೇ."

"ಕೂಲಿ ಕೊಡಲಿಲ್ಲೇನು?"

"ಕೊಟ್ರಬೇ. ಸಾಹೇಬ್ರು ತಮ್ಮ ಅಂಗಿ ಕಿಸೇದಾಗಿಂದ ತಗದು ಕೊಟ್ರು. ಬಂದ ದಿವಸದಿಂದ ಇವತ್ತಿನ ಮಟ. ಮಡ್ಡಿಗೆ ಹೊತ್ತದ್ದೂ ಹಿಡದು ಕೊಟ್ರು."

ಸಂಕವ್ವ ಎದ್ದು ನಿಂತಳು. "ಎಲ್ಲಿ?"

"ಅವ್ರು ಅಂಗಿ ಕಳದು ಜೀಪಿಗೆ ಹಾಕಿ, ಮುಖಾ ತೊಳಿಯಾಕ ಹೋದ್ರು. ರೊಕ್ಕ ಬಂದದ್ದು ಅಲ್ಲಿಂದನ ಅಲ್ಲೇನಬೇ? ಅದ ಕಿಸೇದಾಗ ಇಟ್ಟು ಬಂದೆ."

"ಎಲ್ಲಾನೂ?"

"ಎಲ್ಲಾನೂ ಅವ್ವ," ಅಂದ ಯಮನೂರಿ. "ಇಟ್ಟು, ಮ್ಯಾಲೆ ಬಡದು ಗಟ್ಟಿ ಮಾಡೇನಿ. ದನದ ಕಾಲು ಸಿಗಂಗಿಲ್ಲ."